ಜಿನಸಿ ಅಂಗಡಿ, ಹಾರುವ ತಟ್ಟೆ ಮತ್ತು ನಮ್ಮ ಉದ್ರಿ ಪುಸ್ತಕ

(ಕುಟುಂಬ ಮಿಲನದಲ್ಲಿ ಮಾಡಿದ ಭಾಷಣದ ಪಠ್ಯ)

 

ಲೆಕ್ಕ ಬರೆಯುವ ನಮ್ಮಂಥವರನ್ನು ಮಾತಿಗೆ ಕರೆದರೆ ವ್ಯಾಟ್ ಬಗ್ಗೆಯೋ ಊರಿಗೆ ಹಣ ಕಳಿಸುವ ಬಗ್ಗೆಯೋ ಹೇಳ್ತಾರೆ ಅಂತ ನೀವು ಕಾಯ್ತೀರಿ. ಇವತ್ತು ಲೆಕ್ಕವೂ ಉಂಟು, ಆದರೆ ಅದು ಕೊನೆಗೆ. ಮೊದಲು ಒಂದು ಅಂಗಡಿಯ ವಿಷಯ ಹೇಳ್ತೇವೆ. ದಿನಸಿ ಮಾರುತ್ತಿದ್ದ ಒಂದು ಕಟ್ಟಡ ಚಿತ್ರ, ಶಿಲ್ಪ ನೋಡುವ ಜಾಗ ಆಯಿತು. ಅದಿರುವುದು ದೂರದ ಲಂಡನ್ನಿನಲ್ಲಲ್ಲ, ನಮ್ಮಲ್ಲಿ ಅನೇಕರು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಶಾರ್ಜಾದಲ್ಲಿ.

ದಸ್ಮಾನ್ ಕಡೆ ಹೋದವರಿಗೆ ಗೊತ್ತುಂಟು. ರಸ್ತೆ ಬದಿಯಲ್ಲಿ ಒಂದು ದುಂಡನೆಯ ಕಟ್ಟಡ. ಮೇಲೆ ಗುಮ್ಮಟ, ಸುತ್ತ ನಕ್ಷತ್ರದ ಹಾಗೆ ಚೂಪು ಚೂಪಾಗಿ ಚಾಚಿದ ಕಾಂಕ್ರೀಟಿನ ಮಾಡು, ಕೆಳಗೆ ಎಂಟು ಕಂಬ, ಕಂಬಗಳ ಒಳಗೆ ಸುತ್ತಲೂ ಗಾಜು. ಆಕಾಶದಿಂದ ಏನೋ ಬಂದು ಇಳಿದ ಹಾಗೆ ಕಾಣ್ತದೆ. ಹಾಗಾಗಿಯೇ ಜನ ಅದನ್ನು ಫ್ಲೈಯಿಂಗ್ ಸಾಸರ್ ಅಂತ ಕರೆದರು. ನಮ್ಮ ಭಾಷೆಯಲ್ಲಿ ಹಾರುವ ತಟ್ಟೆ.

ಈ ಕಟ್ಟಡದ ಬಾಗಿಲು ತೆರೆದದ್ದು 1978ರಲ್ಲಿ. ಎಮಿರೇಟ್ಸ್ ಒಂದು ದೇಶ ಅಂತ ಆಗಿ ಆಗ ಏಳು ವರ್ಷವೂ ಸರಿಯಾಗಿ ಆಗಿರಲಿಲ್ಲ. 1971ರ ಡಿಸೆಂಬರ್ 2ರಂದು ಹುಟ್ಟಿದ ದೇಶ ಇದು. ನಮ್ಮ ಮೊದಲ ತಲೆಮಾರಿನ ಕಾಕಂದಿರು ಬೊಂಬಾಯಿ ದಾರಿಯಾಗಿ ಇಲ್ಲಿಗೆ ಬರುತ್ತಿದ್ದ ಕಾಲ. ಆ ಹೊತ್ತಿಗೆ ಆ ತಟ್ಟೆಯೊಳಗೆ ಊಟದ ಹೋಟೆಲು, ಪತ್ರಿಕೆ ಮಾರುವ ಜಾಗ, ಉಡುಗೊರೆ ಅಂಗಡಿ, ತಂಬಾಕಿನ ಅಂಗಡಿ ಎಲ್ಲ ಒಂದೇ ಸೂರಿನಡಿ ಇತ್ತು. ಮುಂದೆ 1980ರ ದಶಕದಲ್ಲಿ ಅದು ದಿನಸಿ ಮಾರುವ ಅಂಗಡಿಯಾಯಿತು, ಸೂಪರ್ ಮಾರ್ಕೆಟ್ ಆಯಿತು, ಪಕ್ಕದಲ್ಲಿ ಕೋಳಿ ಹುರಿದು ಕೊಡುವ ಹೋಟೆಲೂ ಬಂತು. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಒಂದು ದೊಡ್ಡ ಜಿನಸಿ ಅಂಗಡಿ. ಅಕ್ಕಿಯಿಂದ ಸೋಪಿನ ತನಕ, ಪೇಪರಿನಿಂದ ಪೆಪ್ಸಿಯ ತನಕ.

ವ್ಯಾಪಾರ ಬದಲಾದ ಹಾಗೆ ಕಟ್ಟಡದ ಮುಖವೂ ಬದಲಾಯಿತು. ಕಂಬಗಳಿಗೆ, ಮಾಡಿಗೆ ತಗಡಿನ ಹೊದಿಕೆ ಬಂತು. ಬೋರ್ಡು ಬಂತು. ಹಿಂದೆ ಮುಂದೆ ಹೆಚ್ಚುವರಿ ಕಟ್ಟಡ ಸೇರಿತು. ಅಂಗಡಿಯವರನ್ನು ಇದಕ್ಕೆ ದೂರಲಿಕ್ಕೆ ಆಗುವುದಿಲ್ಲ. ಅಂಗಡಿ ಇಟ್ಟವನಿಗೆ ಗಿರಾಕಿಗೆ ಬೋರ್ಡು ಕಾಣಬೇಕು, ಸಾಮಾನು ಇಡಲಿಕ್ಕೆ ಜಾಗ ಬೇಕು. ಆದರೆ 30 ವರ್ಷ ಹೀಗೆ ನಡೆದ ಮೇಲೆ ಒಳಗಿನ ನಕ್ಷತ್ರ ಯಾರ ಕಣ್ಣಿಗೂ ಬೀಳದ ಹಾಗೆ ಆಗಿತ್ತು.

2012ರಲ್ಲಿ ಶಾರ್ಜಾ ಆರ್ಟ್ ಫೌಂಡೇಶನ್ ಈ ಕಟ್ಟಡವನ್ನು ತನ್ನ ಕೈಗೆ ತೆಗೆದುಕೊಂಡಿತು. ಇದು 2009ರಲ್ಲಿ ಶುರುವಾದ ಸಂಸ್ಥೆ, ಶೇಖಾ ಹೂರ್ ಅಲ್ ಖಾಸಿಮಿ ಅದರ ಅಧ್ಯಕ್ಷೆ. 1993ರಲ್ಲಿ ಆರಂಭವಾದ ಶಾರ್ಜಾ ಬೈಯೆನ್ನಾಲೆ ಎಂಬ ದೊಡ್ಡ ಕಲಾಪ್ರದರ್ಶನವನ್ನು ನಡೆಸುವುದೂ ಇದೇ ಸಂಸ್ಥೆ. 2015ರಲ್ಲಿ ಅಂಗಡಿಯ ಹೊದಿಕೆಗಳನ್ನೆಲ್ಲ ಕಳಚಿ ಅಲ್ಲಿ ಪ್ರದರ್ಶನ ಶುರು ಮಾಡಿದರು. ಆಮೇಲೆ 2018ರಿಂದ ಪೂರ್ತಿ ದುರಸ್ತಿ. ವಾಸ್ತುಶಿಲ್ಪಿ ಮೋನಾ ಎಲ್ ಮೌಸ್ಫಿ ಅವರ ತಂಡ ಅದನ್ನು ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ, ಕೊರೋನಾದ ನಡುವೆಯೇ, ಮತ್ತೆ ಬಾಗಿಲು ತೆರೆಯಿತು.

ಅವರು ಮಾಡಿದ ಕೆಲಸದಲ್ಲಿ ನಮಗೆ ಬಹಳ ಹಿಡಿಸಿದ್ದು ಒಂದು. ಅವರು ಹೆಚ್ಚಾಗಿ ಮಾಡಿದ್ದು ಸೇರಿಸುವ ಕೆಲಸ ಅಲ್ಲ, ತೆಗೆಯುವ ಕೆಲಸ. ತಗಡು ತೆಗೆದರು, ಒಳಗಿನ ಸುಳ್ಳು ಮಾಡು ತೆಗೆದರು, ಬದಿಗೆ ಅಂಟಿಕೊಂಡಿದ್ದ ಕಟ್ಟಡ ತೆಗೆದರು. ಹೊಸ ಜಾಗ ಬೇಕಾದಾಗ ಮೇಲೆ ಮಹಡಿ ಎತ್ತಲಿಲ್ಲ, ನೆಲದ ಕೆಳಗೆ ಇಳಿದರು. ಅಲ್ಲಿ ಕೂತು ಓದಲಿಕ್ಕೆ, ಚಾ ಕುಡಿಯಲಿಕ್ಕೆ, ಮಕ್ಕಳಿಗೆ ಕಲಿಸಲಿಕ್ಕೆ ಜಾಗ ಮಾಡಿದರು; ಬೆಳಕಿಗೆ ಒಂದು ತಗ್ಗಿನ ಅಂಗಳ ಬಿಟ್ಟರು. ಆ ಭಾಗಕ್ಕೆ ಲಾಂಚ್ ಪ್ಯಾಡ್ ಅಂತ ಹೆಸರು. ರಸ್ತೆಯಲ್ಲಿ ಹೋಗುವವನಿಗೆ ಕಾಣುವುದು 1978ರ ತಟ್ಟೆ ಮಾತ್ರ.

ಈಗ ಲೆಕ್ಕದವರ ಒಂದು ಮಾತು. ನಮ್ಮ ಪುಸ್ತಕದಲ್ಲಿ ಕಟ್ಟಡಕ್ಕೆ ಸವಕಳಿ ಅಂತ ಉಂಟು. ವರ್ಷ ವರ್ಷ ಅದರ ಬೆಲೆಯಲ್ಲಿ ಇಷ್ಟಿಷ್ಟು ಕಳೆಯುತ್ತಾ ಬರ್ತೇವೆ. ಕಡೆಗೆ ಸೊನ್ನೆ ಆಗ್ತದೆ. ಕಟ್ಟಡ ಅಲ್ಲಿಯೇ ನಿಂತಿರ್ತದೆ, ಪುಸ್ತಕದಲ್ಲಿ ಮಾತ್ರ ಏನೂ ಇಲ್ಲ. ಕೆಲವು ಕಡೆ ಮರೆತು ಹೋಗಬಾರದು ಅಂತ ಒಂದು ದಿರ್ಹಮ್ ಅಂತ ಬರೆದು ಇಡ್ತಾರೆ. ಯಾವುದೇ ಹಳೇ ಅಂಗಡಿ ಕಟ್ಟಡವನ್ನು ನಮ್ಮ ಕೈಗೆ ಕೊಟ್ಟರೆ, ಇದರಲ್ಲಿ ಬೆಲೆ ಇರುವುದು ಕೆಳಗಿನ ನೆಲಕ್ಕೆ, ಕೆಡವಿ ಟವರ್ ಕಟ್ಟಿ ಅಂತಲೇ ನಮ್ಮ ಲೆಕ್ಕ ಹೇಳ್ತದೆ. ಲೆಕ್ಕ ತಪ್ಪಲ್ಲ. ಆದರೆ ಅದರಲ್ಲಿ ಒಂದು ಕಾಲಮ್ಮೇ ಇಲ್ಲ. ಒಂದು ಊರಿನ ಜನ ಒಂದು ಜಾಗವನ್ನು ಗುರುತಾಗಿ ಇಟ್ಟುಕೊಂಡು, ಅಲ್ಲಿ ಸಿಗ್ತೇನೆ ಅಂತ ಹೇಳಿ, 40 ವರ್ಷ ಓಡಾಡಿದ್ದಾರಲ್ಲ, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಶಾರ್ಜಾದವರು ಆ ಕಾಲಮ್ಮನ್ನು ತಾವೇ ಗೆರೆ ಎಳೆದು ತುಂಬಿಸಿದರು.

ಕೆಲವರು ಕೇಳಬಹುದು: ಕೂಲಿ ಮಾಡುವವನಿಗೆ ಇದೆಲ್ಲ ಯಾಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ? ಪ್ರಶ್ನೆ ನ್ಯಾಯವೇ. ಆದರೆ ಮೊದಲು ಒಂದು ಸಲ ಹೋಗಿ ನೋಡಿ. ಆರ್ಟ್ ಫೌಂಡೇಶನ್ನಿನ ಹೆಚ್ಚಿನ ಪ್ರದರ್ಶನಗಳಿಗೆ ಟಿಕೆಟ್ ಇಲ್ಲ. ರಜೆಯ ದಿನ ಮಾಲಿಗೆ ಹೋದರೆ ಒಂದು ಕುಟುಂಬಕ್ಕೆ ಎಷ್ಟು ಖರ್ಚಾಗ್ತದೆ ಅಂತ ನಿಮಗೇ ಗೊತ್ತುಂಟು. ಪ್ರದರ್ಶನ ಬದಲಾಗುವ ಸಮಯದಲ್ಲಿ ಮುಚ್ಚಿರುವುದುಂಟು, ಹಾಗಾಗಿ ಹೋಗುವ ಮೊದಲು ಫೋನ್ ಮಾಡಿ ಅಥವಾ ನೆಟ್ಟಿನಲ್ಲಿ ನೋಡಿ. ನಮಗೆಲ್ಲಿ ಇದು ಅರ್ಥ ಆಗ್ತದೆ ಅಂತ ಹಿಂಜರಿಯಬೇಡಿ. ಅರ್ಥ ಆಗದ್ದನ್ನು ಅಲ್ಲಿ ನಿಂತಿರುವವರ ಹತ್ತಿರ ಕೇಳಬಹುದು. ಕೇಳಲಿಕ್ಕೆ ಮನಸ್ಸಿಲ್ಲದಿದ್ದರೆ ಕಟ್ಟಡವನ್ನಾದರೂ ನೋಡಿ. ಮೇಸ್ತ್ರಿ ಕೆಲಸ, ಸ್ಟೀಲ್ ಫಿಕ್ಸಿಂಗ್, ಶಟರಿಂಗ್ ಮಾಡುವ ನಮ್ಮ ಹುಡುಗರಿಗೆ ಆ ನಕ್ಷತ್ರದ ಮಾಡನ್ನು ಹೇಗೆ ಎರಕ ಹೊಯ್ದಿರಬಹುದು ಅಂತ ಬೇರೆಯವರಿಗಿಂತ ಬೇಗ ತಿಳೀತದೆ. ಮಕ್ಕಳಿಗೆ ಅದನ್ನು ವಿವರಿಸಿ ಹೇಳಿ. ಅಪ್ಪ ಮಾಡುವ ಕೆಲಸ ಎಂಥದ್ದು ಅಂತ ಅವರಿಗೂ ಗೊತ್ತಾಗಲಿ.

ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಕಟ್ಟಡ ಉಳಿಯಿತು, ಆದರೆ ಅಂಗಡಿ ಉಳಿಯಲಿಲ್ಲ. ಅಂಗಡಿ ಅಂದರೆ ಗೋಡೆ ಅಲ್ಲ. ಬೆಳಿಗ್ಗೆ ಶಟರ್ ಎತ್ತುವವನು, ಖುಬ್ಬೂಸಿನ ಕಟ್ಟು ಇಳಿಸುವವನು, ಗಿರಾಕಿಯ ಮುಖ ನೋಡಿದ ಕೂಡಲೇ ಯಾವ ಸಿಗರೇಟು ಅಂತ ತಿಳಿಯುವವನು. ಅವರು ಯಾರು, ಎಲ್ಲಿಂದ ಬಂದರು, ಎಲ್ಲಿಗೆ ಹೋದರು? ಈ ದೇಶದ ಗ್ರೋಸರಿಗಳಲ್ಲಿ ನಿಂತು ಕೆಲಸ ಮಾಡಿದವರಲ್ಲಿ ದೊಡ್ಡ ಪಾಲು ಕೇರಳದವರು, ನಮ್ಮ ಕರಾವಳಿಯವರು. ಕಾರಿನವರು ಹಾರ್ನ್ ಹೊಡೆದರೆ ಬಿಸಿಲಿಗೆ ಓಡಿ ಹೋದವರು. ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ನೀರು, ಲಬನ್, ಮೊಟ್ಟೆ ಇಟ್ಟುಕೊಂಡು ಲಿಫ್ಟ್ ಕೆಟ್ಟ ಕಟ್ಟಡದ ಮೇಲೆ ಹತ್ತಿದವರು. ಯಾವ ಗ್ಯಾಲರಿಯ ಗೋಡೆಯಲ್ಲೂ ಅವರ ಹೆಸರು ಬರೆದಿರುವುದಿಲ್ಲ. ಅದು ಗ್ಯಾಲರಿಯವರ ತಪ್ಪು ಅಂತ ನಾವು ಹೇಳುವುದಿಲ್ಲ. ಬರೆದು ಇಟ್ಟಿದ್ದರೆ ತಾನೇ ಅವರಿಗೆ ಸಿಗುವುದು?

ದುಬೈಯ ಅಲ್ ಫಹೀದಿ ನೋಡಿ, ನಾವು ಬಸ್ತಕಿಯಾ ಅಂತ ಕರೆಯುವ ಜಾಗ. ಇರಾನಿನ ಬಸ್ತಕ್ ಊರಿನಿಂದ ಬಂದ ವ್ಯಾಪಾರಿಗಳು 19ನೇ ಶತಮಾನದ ಕೊನೆಯಲ್ಲಿ ಕಟ್ಟಲು ಶುರು ಮಾಡಿದ ಗಾಳಿಗೋಪುರದ ಮನೆಗಳು ಅವು. 1980ರ ದಶಕದಲ್ಲಿ ಅರ್ಧ ಭಾಗ ಕೆಡವಿ ಆಗಿತ್ತು. ಉಳಿದರ್ಧ ಉಳಿಸಲು 1989ರಲ್ಲಿ ತೀರ್ಮಾನ ಆಯಿತು. ಈಗ ಅಲ್ಲಿ ಗ್ಯಾಲರಿಗಳುಂಟು, ಮ್ಯೂಸಿಯಂ ಉಂಟು. ಆ ವ್ಯಾಪಾರಿಗಳಿಗೆ ಸ್ವಂತ ಮನೆ ಇತ್ತು, ಹಾಗಾಗಿ ನೆನಪಿಗೆ ಒಂದು ಗೋಡೆ ಸಿಕ್ಕಿತು. ನಮ್ಮವರಿಗೆ ಇದ್ದದ್ದು ಬಾಡಿಗೆ ಅಂಗಡಿ, ಒಂದು ಬಂಕ್ ಬೆಡ್ಡು. ಅದಕ್ಕೆ ಯಾವ ಗೋಡೆಯೂ ಸಾಕ್ಷಿ ಇಲ್ಲ.

ಇಲ್ಲಿ ನಿಯಮಗಳೂ ಬೇಗ ಬದಲಾಗ್ತವೆ. ಅಬುಧಾಬಿಯಲ್ಲಿ 2012ರ ಕೊನೆಯೊಳಗೆ ಎಲ್ಲ ಸಣ್ಣ ಗ್ರೋಸರಿಗಳೂ ಹೊಸ ಮಾದರಿಗೆ ಬದಲಾಗಬೇಕು ಅಂತ ಗಡುವು ಕೊಟ್ಟಿದ್ದರು. ಕಪಾಟು, ಫ್ರಿಜ್ಜು, ಬಿಲ್ಲಿನ ಯಂತ್ರ, ಒಂದೇ ಬಗೆಯ ಬೋರ್ಡು. ಸ್ವಚ್ಛತೆಗೆ ಅದು ಒಳ್ಳೆಯದೇ. ಆದರೆ ಖರ್ಚು ಭರಿಸಲು ಆಗದವರು 2013ರ ಆರಂಭದಲ್ಲಿ ಶಟರ್ ಎಳೆದರು. ಈಗ ದಿನಸಿ ಆ್ಯಪಿನಲ್ಲಿ ಬರ್ತದೆ. ಮುಂದಿನ 10 ವರ್ಷದಲ್ಲಿ ಇನ್ನೂ ಎಷ್ಟು ಬಕಾಲಗಳು ಉಳೀತವೆ ಅಂತ ನೀವೇ ಯೋಚಿಸಿ.

ಅಂಗಡಿ ಮುಚ್ಚಿದಾಗ ಕಸದ ಡಬ್ಬಿಗೆ ಮೊದಲು ಬೀಳುವುದು ಉದ್ರಿ ಪುಸ್ತಕ. ವ್ಯಾಟ್ ಬಂದದ್ದು 2018ರ ಜನವರಿ 1ಕ್ಕೆ. ಅದರ ದಾಖಲೆಯನ್ನು ಐದು ವರ್ಷ ಇಡಬೇಕು. 2023ರಲ್ಲಿ ಬಂದ ಕಾರ್ಪೊರೇಟ್ ತೆರಿಗೆಯ ದಾಖಲೆ ಏಳು ವರ್ಷ. ಕಾನೂನು ಕೇಳುವುದು ಅಷ್ಟೇ. ಉದ್ರಿ ಪುಸ್ತಕವನ್ನು ಯಾವ ಕಾನೂನೂ ಕೇಳುವುದಿಲ್ಲ. ಆದರೆ ಅದರೊಳಗೆ ಏನುಂಟು ನೋಡಿ. "ಮೂರನೇ ಮಹಡಿ ಸುಡಾನಿ", "ಹಸಿರು ಗೇಟು", "ಟೈಲರ್ ಪಠಾಣ" ಅಂತ ಗಿರಾಕಿಗಳ ಗುರುತು. ಹಾಲು, ಬ್ರೆಡ್ಡು, ಫೋನ್ ಕಾರ್ಡು. ತಿಂಗಳ ಕೊನೆಗೆ ಗೆರೆ ಹೊಡೆದ ಲೆಕ್ಕ. ಗೆರೆ ಹೊಡೆಯದೆ ಬಿಟ್ಟ ಲೆಕ್ಕ. ಯಾರಿಗೆ ಯಾವ ತಿಂಗಳು ಸಂಬಳ ಆಗಲಿಲ್ಲ ಅಂತ ಅದರಲ್ಲಿ ಕಾಣ್ತದೆ. ಯಾರ ಸಾಲವನ್ನು ಕಾಕ ಕೇಳದೆ ಬಿಟ್ಟರು ಅಂತಲೂ ಕಾಣ್ತದೆ. ಕನ್ನಡದಲ್ಲಿ ಹೆಸರು, ಇಂಗ್ಲಿಷಿನಲ್ಲಿ ಅಂಕಿ, ನಡುವೆ ಒಂದೆರಡು ಅರಬಿ ಪದ. ಗಲ್ಫಿನಲ್ಲಿ ನಮ್ಮ ಜನ ಹೇಗೆ ಬದುಕಿದರು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇರೆ ಉಂಟಾ?

ಬ್ಯಾರಿ ಅನ್ನುವ ಹೆಸರೇ ತುಳುವಿನ ಬ್ಯಾರ, ಅಂದರೆ ವ್ಯಾಪಾರ ಅನ್ನುವ ಮಾತಿನಿಂದ ಬಂತು ಅಂತ ಹೆಚ್ಚಿನವರು ಹೇಳ್ತಾರೆ. ಅಂಗಡಿಯ ಹೆಸರನ್ನೇ ಹೊತ್ತ ಸಮುದಾಯ ನಮ್ಮದು. ನಮ್ಮ ಭಾಷೆಗೆ ಸಾಹಿತ್ಯ ಅಕಾಡೆಮಿ ಆಯಿತು. 'ಬ್ಯಾರಿ' ಸಿನಿಮಾಕ್ಕೆ 2012ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು. ಭಾಷೆಗೆ ಜಾಗ ಸಿಕ್ಕಿತು. ಅಂಗಡಿಗೆ ಜಾಗ ಸಿಗುವುದು ಬಾಕಿ ಉಂಟು.

ಊರಿನ ಕಡೆ ನೋಡಿ. ಮಂಗಳೂರಿನ ಬಂದರಿನಲ್ಲಿ, ಉಳ್ಳಾಲದಲ್ಲಿ, ಬಿ.ಸಿ.ರೋಡಿನಲ್ಲಿ, ಪುತ್ತೂರಿನಲ್ಲಿ ಮಂಗಳೂರು ಹಂಚಿನ ಮಾಡಿನ, ಮರದ ಹಲಗೆ ಬಾಗಿಲಿನ ಜಿನಸಿ ಅಂಗಡಿಗಳು ಇನ್ನೂ ಕೆಲವು ನಿಂತಿವೆ. ಅಜ್ಜನ ಕಾಲದ್ದು. ಅಣ್ಣ ತಮ್ಮಂದಿರು ಐದು ಜನ, ಇಬ್ಬರು ದಮ್ಮಾಮಿನಲ್ಲಿ, ಒಬ್ಬರು ದೋಹಾದಲ್ಲಿ. ಬಿಲ್ಡರ್ ಬಂದು ಕಾಂಪ್ಲೆಕ್ಸ್ ಮಾಡುವ ಅಂತಾರೆ, ವಾಟ್ಸಾಪಿನಲ್ಲಿ ಎಲ್ಲರೂ ಸರಿ ಅಂತಾರೆ, ಒಂದು ವಾರದಲ್ಲಿ ಜೆಸಿಬಿ ಬರ್ತದೆ. ಮಾರಬೇಡಿ ಅಂತ ಹೇಳಲು ನಾವು ಯಾರು? ಮಗಳ ಮದುವೆಗೆ, ಮಗನ ಕಾಲೇಜಿಗೆ ಹಣ ಬೇಕು. ಆದರೆ ಎಲ್ಲ ಹಳೇ ಕಟ್ಟಡವನ್ನೂ ಕೆಡವಲೇಬೇಕು ಅಂತ ಇಲ್ಲ. ಮಂಗಳೂರಿನ ಬಲ್ಲಾಳ್‌ಬಾಗಿನ ಹತ್ತಿರ ಕೊಡಿಯಾಲ್‌ಗುತ್ತಿನ ಹಳೇ ಮನೆಯೊಂದು ಈಗ ಕಲೆ, ಸಂಸ್ಕೃತಿಯ ಕೇಂದ್ರವಾಗಿ ನಡೀತಾ ಉಂಟು. ಗುತ್ತಿನ ಮನೆಗೆ ಆಗುವುದಾದರೆ ಬ್ಯಾರಿಯ ಅಂಗಡಿಗೆ ಯಾಕೆ ಆಗಬಾರದು? ಪೂರ್ತಿ ಕಟ್ಟಡ ಬೇಡ. ಹೊಸ ಕಾಂಪ್ಲೆಕ್ಸಿನಲ್ಲಿ ಒಂದು ಕೋಣೆ, ಹಳೇ ತಕ್ಕಡಿ, ಸೇರು ಪಾವು, ಗಲ್ಲಾಪೆಟ್ಟಿಗೆ, ಅಜ್ಜನ ಒಂದು ಫೋಟೋ. ಬಿಲ್ಡರಿನ ಜತೆ ಕರಾರು ಮಾಡುವಾಗಲೇ ಅದನ್ನು ಬರೆಸಿಬಿಡಿ. ಆಮೇಲೆ ಕೇಳಿದರೆ ಪಾರ್ಕಿಂಗ್ ಆಗಿರ್ತದೆ.

ಈಗ ಲೆಕ್ಕಕ್ಕೆ ಬರ್ತೇವೆ. ಕಟ್ಟಡಕ್ಕೆ ಎರಡನೇ ಆಯುಷ್ಯ ಸಿಗಬಹುದು. ಅದರೊಳಗೆ ದುಡಿದವನಿಗೆ ಕಡೇಪಕ್ಷ ಅವನ ಬಾಕಿ ಸಿಗಬೇಕು. ಎಮಿರೇಟ್ಸಿನಲ್ಲಿ ಅಂಗಡಿ ಮುಚ್ಚಿದರೆ, ಕೈ ಬದಲಾಗಿ ಕೆಲಸ ಹೋದರೆ, ನೆನಪಿಡಬೇಕಾದ ನಾಲ್ಕು ವಿಷಯ.

ಒಂದು, ಗ್ರಾಚ್ಯುಟಿ. ಒಂದು ವರ್ಷ ಪೂರ್ತಿ ಆದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ಮೀರುವುದಿಲ್ಲ. ಮೂಲ ವೇತನ 1,200 ದಿರ್ಹಮ್, 12 ವರ್ಷ ಕೆಲಸ ಅಂತ ಇಟ್ಟುಕೊಳ್ಳಿ. ದಿನಕ್ಕೆ 40 ದಿರ್ಹಮ್. ಮೊದಲ ಐದು ವರ್ಷಕ್ಕೆ 4,200, ಉಳಿದ ಏಳು ವರ್ಷಕ್ಕೆ 8,400. ಒಟ್ಟು 12,600 ದಿರ್ಹಮ್. ಕೈಗೆ ಬರುವ ಸಂಬಳ ಎಷ್ಟೇ ಇರಲಿ, ಲೆಕ್ಕ ಹಾಕುವುದು ಕರಾರಿನಲ್ಲಿ ಮೂಲ ವೇತನ ಅಂತ ಬರೆದದ್ದಕ್ಕೆ. ಹಾಗಾಗಿ ಕರಾರಿನ ಪ್ರತಿ ನಿಮ್ಮ ಹತ್ತಿರ ಇರಲಿ.

ಎರಡು, ಗಡುವು. ಕರಾರು ಮುಗಿದ ದಿನದಿಂದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು ಅಂತ ಈಗಿನ ಕಾರ್ಮಿಕ ಕಾನೂನು ಹೇಳ್ತದೆ. ಬಾಕಿ ಕೈಗೆ ಬರದೆ "ಎಲ್ಲ ಸಿಕ್ಕಿತು" ಅಂತ ಸಹಿ ಹಾಕಬೇಡಿ.

ಮೂರು, ಕೆಲಸ ಹೋದವರ ವಿಮೆ. 2023ರ ಜನವರಿಯಿಂದ ಇದು ಕಡ್ಡಾಯ. ಮೂಲ ವೇತನ 16,000ದ ಒಳಗಿದ್ದರೆ ತಿಂಗಳಿಗೆ ಐದು ದಿರ್ಹಮ್, ಜತೆಗೆ ವ್ಯಾಟ್. ಬಿಡದೆ 12 ತಿಂಗಳು ಕಟ್ಟಿದ್ದರೆ, ನೀವಾಗಿ ರಾಜೀನಾಮೆ ಕೊಡದೆ ಕೆಲಸ ಹೋದರೆ, ಮೂಲ ವೇತನದ 60 ಶೇಕಡಾ, ಹೆಚ್ಚೆಂದರೆ ಮೂರು ತಿಂಗಳು ಸಿಗ್ತದೆ. ಅರ್ಜಿ 30 ದಿನದೊಳಗೆ ಹಾಕಬೇಕು.

ನಾಲ್ಕು, ಲೈಸನ್ಸ್. ನಮ್ಮವರಲ್ಲಿ ಕೆಲವರು ಕೆಲಸಕ್ಕೆ ನಿಂತ ಅಂಗಡಿಯ ಲೈಸನ್ಸಿನಲ್ಲಿ ಪಾಲುದಾರ ಅಂತ ಹೆಸರು ಕೊಟ್ಟಿರ್ತಾರೆ. ಅಂಥವರು ಕಾನೂನಿನ ಕಣ್ಣಿಗೆ ಮಾಲೀಕರು. ತಾನೇ ಅಂಗಡಿ ನಡೆಸುವ ಮಾಲೀಕರಿಗೆ ಈ ವಿಮೆ ಇಲ್ಲ. ಅಂಗಡಿಯ ಸಾಲ ಹೆಗಲಿಗೆ ಬರುವ ಅಪಾಯವೂ ಉಂಟು. ಹೆಸರು ಕೊಡುವ ಮೊದಲು ಕಾಗದವನ್ನು ತಿಳಿದವರಿಗೆ ಓದಿಸಿ.

ಕೊನೆಯದಾಗಿ ನಮ್ಮ ಒಂದು ಕೋರಿಕೆ. ಮುಂದಿನ ಕುಟುಂಬ ಮಿಲನದಲ್ಲಿ ಊಟದ ಹಾಲಿನ ಬದಿಯಲ್ಲಿ ನಾಲ್ಕು ಮೇಜು ಕೇಳಿದ್ದೇವೆ. ಅಲ್ಲಿ ನಮ್ಮ ಅಂಗಡಿಗಳದ್ದೇ ಒಂದು ಸಣ್ಣ ಪ್ರದರ್ಶನ ಮಾಡುವ. ಅದಕ್ಕೆ ನೀವು ಹೀಗೆ ಮಾಡಬೇಕು.

ನಿಮ್ಮ ಅಥವಾ ನೀವು ಕೆಲಸ ಮಾಡುವ ಅಂಗಡಿಯ ಎರಡು ಫೋಟೋ ತೆಗೆಯಿರಿ, ಒಂದು ಹೊರಗಿನಿಂದ, ಒಂದು ಗಲ್ಲಾದ ಹಿಂದೆ ನಿಂತವರ ಜತೆ. ಹಳೇ ಫೋಟೋ ಇದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳೀತದೆ. ಒಂದು ಉದ್ರಿ ಪುಸ್ತಕವನ್ನಾದರೂ ಉಳಿಸಿ. ಊರಿಗೆ ಕಳಿಸಬೇಡಿ, ಮಳೆಗಾಲದ ತೇವಕ್ಕೂ ಗೆದ್ದಲಿಗೂ ಹೋಗ್ತದೆ. ಮೇಜಿನ ಮೇಲೆ ಇಡುವಾಗ ಸಾಲ ಇದ್ದವರ ಹೆಸರನ್ನು ಕಾಗದ ಅಂಟಿಸಿ ಮುಚ್ಚುವ. ಕಷ್ಟದಲ್ಲಿ ಸಾಲ ಮಾಡಿದವನ ಮಾನ ನಮ್ಮ ಕೈಯಲ್ಲುಂಟು. ಮತ್ತೆ, ಮಕ್ಕಳೇ, ಇದು ನಿಮಗೆ. ನಿಮ್ಮ ಉಪ್ಪನನ್ನೋ ಅಜ್ಜನನ್ನೋ ಕೂರಿಸಿ ಮೊಬೈಲಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿ. ಬ್ಯಾರಿಯಲ್ಲೇ ಮಾತಾಡಲಿ. ಮೊದಲ ದಿನ ಅಂಗಡಿಯಲ್ಲಿ ಏನು ಮಾರಿದಿರಿ, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದಿರಿ, ರಾತ್ರಿ ಎಲ್ಲಿ ಮಲಗಿದಿರಿ ಅಂತ ಮೂರು ಪ್ರಶ್ನೆ ಸಾಕು. ಉಳಿದದ್ದನ್ನು ಅವರೇ ಹೇಳ್ತಾರೆ.

ಹಿರಿಯರು ಒಬ್ಬೊಬ್ಬರಾಗಿ ಊರಿಗೆ ಹಿಂದಿರುಗುತ್ತಿದ್ದಾರೆ. ಕೆಲವರು ಈಗಾಗಲೇ ನಮ್ಮನ್ನು ಬಿಟ್ಟು ಹೋಗಿದ್ದಾರೆ. ಈ ಕೆಲಸಕ್ಕೆ ಹಣ ಬೇಡ, ಸಮಯ ಬೇಕು, ಅದೂ ಬೇಗ ಬೇಕು. ಸಾಮಾನು ಕೊಡುವವರು, ಮೇಜು ಜೋಡಿಸಲು ಕೈ ಕೊಡುವವರು ಊಟ ಆದ ಮೇಲೆ ನಮ್ಮ ಹತ್ತಿರ ಹೆಸರು ಬರೆಸಿ. ಪುಸ್ತಕ ಪೆನ್ನು ಇಟ್ಟುಕೊಂಡೇ ಬಂದಿದ್ದೇವೆ.